ವೇದಿಕೆಯ ಬೆಳಕು, ಕಥೆಯ ಬಡತನ

ಜಪಾನಿನ ಅನಿಮೆಯಲ್ಲಿ ಐಡಲ್‌ಗಳ, ಅಂದರೆ ಹಾಡಿ ಕುಣಿಯುವ ಎಳೆಯ ತಾರೆಯರ ಕಥೆ ಹೇಳುವ ಧಾರಾವಾಹಿಗಳದ್ದೇ ಒಂದು ದೊಡ್ಡ ಗುಂಪು. ಅವುಗಳಲ್ಲಿ ಬಹುಪಾಲಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಹದಿಹರೆಯದ ಕೆಲವು ಹುಡುಗಿಯರು ಕೂಡಿ ಹಾಡು ಕುಣಿತದ ತಂಡ ಕಟ್ಟುತ್ತಾರೆ. ಮೊದಲ ಪ್ರದರ್ಶನಕ್ಕೆ ಜನ ಬರುವುದಿಲ್ಲ. ಬೆಳಗಾಗೆದ್ದು ಓಡುತ್ತಾರೆ, ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಹತ್ತನೆಯ ಕಂತಿನ ಹೊತ್ತಿಗೆ ಮನಸ್ತಾಪವಾಗಿ ಒಬ್ಬಳು ತಂಡ ಬಿಡುತ್ತೇನೆ ಎನ್ನುತ್ತಾಳೆ. ಉಳಿದವರು ಹೋಗಿ ಕರೆತರುತ್ತಾರೆ. ಕೊನೆಯ ಕಂತಿನಲ್ಲಿ ಕಿಕ್ಕಿರಿದ ಸಭಾಂಗಣ, ಬಣ್ಣಬಣ್ಣದ ಬೆಳಕಿನ ಕಡ್ಡಿಗಳು, ಕಣ್ಣೀರು. ಹಾಡುಗಳು ಚೆನ್ನಾಗಿರುತ್ತವೆ, ಕುಣಿತದ ಚಿತ್ರಣ ಇನ್ನೂ ಚೆನ್ನಾಗಿರುತ್ತದೆ. ಆದರೆ ಈ ಹುಡುಗಿಯರಿಗೆ ಸಂಬಳ ಕೊಡುವವರು ಯಾರು, ಸಹಿ ಹಾಕಿದ ಕರಾರಿನಲ್ಲಿ ಏನಿದೆ, ಸೋತ ತಂಡದವರು ಎಲ್ಲಿಗೆ ಹೋದರು, ಇಪ್ಪತ್ತೈದು ದಾಟಿದ ಮೇಲೆ ಇವರ ಪಾಡೇನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಉತ್ತರದ ಮಾತು ಹಾಗಿರಲಿ, ಪ್ರಶ್ನೆಯೇ ಏಳುವುದಿಲ್ಲ. ಬಣ್ಣದ ಲೋಕದ ಕಥೆಯೆಂದು ಹೇಳಿಕೊಂಡರೂ ಅಲ್ಲಿ ಬಣ್ಣವಿರುತ್ತದೆ, ಲೋಕವಿರುವುದಿಲ್ಲ.

ಇದಕ್ಕೆ ಬರಹಗಾರರ ಅಸಾಮರ್ಥ್ಯವೇ ಕಾರಣವೆಂದರೆ ಅನ್ಯಾಯವಾದೀತು. ಐಡಲ್ ಅನಿಮೆಗಳ ಪೈಕಿ ಅತ್ಯಂತ ಜನಪ್ರಿಯವಾದ ‘ಲವ್ ಲೈವ್’ಗೆ ಚಿತ್ರಕಥೆ ಬರೆದವರು ಜುಕ್ಕಿ ಹನಾದಾ. ಅವರೇ 2018ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ನಾಲ್ವರು ಹುಡುಗಿಯರ ಕಥೆಯನ್ನೂ ಬರೆದರು. ಅದರಲ್ಲಿ ಒಬ್ಬಳು, ಅದೇ ಹಿಮಖಂಡದಲ್ಲಿ ಕಾಣೆಯಾದ ತನ್ನ ತಾಯಿಗೆ ವರ್ಷಗಟ್ಟಲೆ ಇಮೇಲ್ ಕಳಿಸುತ್ತಲೇ ಇದ್ದವಳು. ತಾಯಿಯ ಹಳೆಯ ಲ್ಯಾಪ್‌ಟಾಪ್ ಸಿಕ್ಕಿ ಅದನ್ನು ತೆರೆದಾಗ, ತಾನು ಕಳಿಸಿದ್ದ ಓದದ ಪತ್ರಗಳೆಲ್ಲ ಒಂದರ ಹಿಂದೊಂದು ಬಂದು ಬೀಳುತ್ತವೆ. ದುಃಖವನ್ನು ಅಷ್ಟು ಮಿತವಾಗಿ, ಅಷ್ಟು ನಿಖರವಾಗಿ ತೋರಿಸಬಲ್ಲ ಕೈ ಐಡಲ್ ಕಥೆಗೆ ಬಂದಾಗ ಏಕೆ ಬಿಗಿಯುತ್ತದೆ? ಕಥೆಗೆ ದುಡ್ಡು ಹಾಕುವವರು ಯಾರು, ಆ ಕಥೆಯಿಂದ ಅವರು ಏನನ್ನು ಮಾರಬೇಕು ಎಂಬಲ್ಲಿ ಅದರ ಕಾರಣವಿದೆ.

‘ಐಡಲ್’ ಎಂಬ ಮಾತು ಜಪಾನಿನಲ್ಲಿ ಬಳಕೆಗೆ ಬಂದದ್ದು ಸಿನಿಮಾದ ದಾರಿಯಲ್ಲಿ. 1963ರ ಒಂದು ಫ್ರೆಂಚ್ ಚಿತ್ರ ಮರುವರ್ಷ ಅಲ್ಲಿ ‘ಐಡಲ್ಲನ್ನು ಹುಡುಕಿ’ ಎಂಬರ್ಥದ ಹೆಸರಿನಲ್ಲಿ ತೆರೆಕಂಡಿತು. ಅದರಲ್ಲಿ ಹಾಡಿದ ಸಿಲ್ವಿ ವಾರ್ತಾನ್ ಯುವಜನರ ಮನಸೆಳೆದರು. ಆದರೆ ಅದೊಂದು ವೃತ್ತಿಯ ಹೆಸರಾದದ್ದು ಟೆಲಿವಿಷನ್‌ನಿಂದ. 1971ರಲ್ಲಿ ನಿಪ್ಪಾನ್ ಟೆಲಿವಿಷನ್ ‘ಸ್ಟಾರ್ ತಂಜೋ’ ಎಂಬ ಸ್ಪರ್ಧೆ ಶುರುಮಾಡಿತು. ಹಾಡಿದ ಹುಡುಗಿ ವೇದಿಕೆಯ ಮೇಲೆ ನಿಂತಿರುತ್ತಾಳೆ, ಅವಳು ಬೇಕೆನಿಸಿದ ಕಂಪನಿಗಳವರು ಎದುರಿನ ಸಾಲಿನಿಂದ ಫಲಕ ಎತ್ತಿ ಹಿಡಿಯುತ್ತಾರೆ. ಆಯ್ಕೆಯಾಗುವ ಕ್ಷಣವೇ ಇಲ್ಲಿ ಮನರಂಜನೆ. ಪಳಗಿದ ಗಾಯಕಿಗಿಂತ ಇನ್ನೂ ಪಳಗುತ್ತಿರುವ ಹುಡುಗಿಯೇ ನೋಡುಗರಿಗೆ ಹತ್ತಿರವಾದಳು. ಅವಳ ತಪ್ಪುಗಳು, ನಡುಗುವ ದನಿ, ದಿನದಿನಕ್ಕೆ ಆಗುವ ಸುಧಾರಣೆ, ಎಲ್ಲವೂ ಮಾರಾಟದ ಸರಕಾದವು.

ಆ ಕಾರ್ಯಕ್ರಮದಿಂದ ಬಂದವರಲ್ಲಿ ಒಬ್ಬರು ಮೊಮೊಎ ಯಾಮಾಗುಚಿ. 1973ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಹಾಡು. ಏಳೇ ವರ್ಷಗಳಲ್ಲಿ ದೇಶದ ಮನೆಮಾತು. 1980ರ ಅಕ್ಟೋಬರ್ 5ರಂದು ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ವಿದಾಯದ ಕಾರ್ಯಕ್ರಮ. ಕೊನೆಯ ಹಾಡು ಮುಗಿದ ಮೇಲೆ ಬಿಳಿಯ ಮೈಕನ್ನು ವೇದಿಕೆಯ ಮೇಲಿಟ್ಟು ನಡೆದುಹೋದರು. ನಟ ತೊಮೊಕಾಜು ಮಿಯುರಾ ಅವರನ್ನು ಮದುವೆಯಾಗಿ, ಇಪ್ಪತ್ತೊಂದನೆಯ ವಯಸ್ಸಿಗೆ ರಂಗ ಬಿಟ್ಟವರು ಮತ್ತೆ ಮರಳಲಿಲ್ಲ. ಕಾದಂಬರಿಗೆ ಬೇಕಾದದ್ದೆಲ್ಲ ಈ ಒಂದು ಬದುಕಿನಲ್ಲೇ ಇದೆ: ಎಳೆಯ ವಯಸ್ಸಿನ ದುಡಿಮೆ, ಕೀರ್ತಿಯ ಭಾರ, ಹೊರಬರುವ ನಿರ್ಧಾರ. ಐಡಲ್ ಎಂಬ ವಿಷಯವೇ ಹಗುರವಾದದ್ದು ಎನ್ನುವವರು ನೆನಪಿಡಬೇಕಾದ ಬದುಕು ಇದು.

ಅನಿಮೆ ಈ ಲೋಕದ ಕಡೆ ಮೊದಲು ತಿರುಗಿದಾಗ ಅದರ ನೋಟ ಈಗಿನಷ್ಟು ತೆಳುವಾಗಿರಲಿಲ್ಲ. 1982ರ ‘ಮ್ಯಾಕ್ರಾಸ್’ ಬಾಹ್ಯಾಕಾಶ ಯುದ್ಧದ ಧಾರಾವಾಹಿ. ಅದರ ನಾಯಕಿಯರಲ್ಲೊಬ್ಬಳಾದ ಲಿನ್ ಮಿನ್‌ಮೇ ಹೋಟೆಲಿನಲ್ಲಿ ಕೆಲಸ ಮಾಡುತ್ತ ಗಾಯಕಿಯಾದವಳು. ಹಾಡೆಂದರೆ ಏನೆಂದೇ ತಿಳಿಯದ ಅನ್ಯಗ್ರಹದ ಸೈನಿಕರು ಅವಳ ದನಿಗೆ ತತ್ತರಿಸುತ್ತಾರೆ, ಯುದ್ಧದ ಗತಿಯೇ ಬದಲಾಗುತ್ತದೆ. ಇಲ್ಲಿಗೇ ಮುಗಿಸಿದ್ದರೆ ಅದೂ ಕನಸಿನ ಕಥೆಯೇ. ಆದರೆ ಧಾರಾವಾಹಿ ಯುದ್ಧದ ನಂತರವೂ ಮುಂದುವರಿಯುತ್ತದೆ. ಹಾಳುಬಿದ್ದ ಊರುಗಳಲ್ಲಿ ಮಿನ್‌ಮೇ ಸಣ್ಣ ಸಣ್ಣ ಗುಂಪುಗಳ ಮುಂದೆ ಹಾಡುತ್ತಾಳೆ, ಅವಳ ವ್ಯವಹಾರ ನೋಡಿಕೊಳ್ಳುವ ಸಂಬಂಧಿ ಕುಡಿತಕ್ಕೆ ಬೀಳುತ್ತಾನೆ, ತಾನು ಹಾಡುತ್ತಿರುವುದು ಯಾರಿಗಾಗಿ ಎಂದು ಅವಳಿಗೇ ತಿಳಿಯದಾಗುತ್ತದೆ. ಕೀರ್ತಿ ಇಳಿಯುವುದನ್ನು ಇಷ್ಟು ಸಾವಧಾನವಾಗಿ ತೋರಿಸಿದ ಐಡಲ್ ಕಥೆಗಳು ಆಮೇಲೂ ಅಪರೂಪ.

ಮರುವರ್ಷ ಬಂದ ‘ಕ್ರೀಮಿ ಮಾಮಿ’ ಚಿಕ್ಕ ಹುಡುಗಿಯರಿಗಾಗಿ ಮಾಡಿದ್ದು. ಹತ್ತು ವರ್ಷದ ಯೂ ಮಾಯಾದಂಡ ಬೀಸಿ ಹದಿಹರೆಯದ ಗಾಯಕಿ ಮಾಮಿಯಾಗುತ್ತಾಳೆ. ಅವಳಿಗೆ ದನಿ ಕೊಟ್ಟ ತಕಾಕೊ ಓತಾ ಸ್ವತಃ ಆಗಷ್ಟೇ ರಂಗಕ್ಕೆ ಬಂದ ಐಡಲ್. ಧಾರಾವಾಹಿಯ ಹಾಡು ಅವರದೇ ಹಾಡು. ಪಾತ್ರ ಮತ್ತು ನಿಜವಾದ ಗಾಯಕಿಯನ್ನು ಜೊತೆಯಾಗಿ ಮಾರುವ ಪದ್ಧತಿಗೆ ಇಲ್ಲಿಯೇ ಬುನಾದಿ ಬಿತ್ತೆನ್ನಬಹುದು. ಹಾಗಿದ್ದರೂ ಕಥೆಯ ನಡುವೆ ಒಂದು ಮುಳ್ಳು ಇತ್ತು. ಯೂ ಒಳಗೊಳಗೇ ಇಷ್ಟಪಡುವ ನೆರೆಮನೆಯ ಹುಡುಗ ತೊಶಿಯೊ ಮಾಮಿಯ ಕಟ್ಟಾ ಅಭಿಮಾನಿ. ಪಕ್ಕದಲ್ಲೇ ನಿಂತ ಹುಡುಗಿಯನ್ನು ಕಾಣದೆ ಅವಳದೇ ಬೆಳಕಿನ ಛಾಯೆಗೆ ಮರುಳಾದವನು ಅವನು. ಹತ್ತು ವರ್ಷದ ಮಗುವಿಗೂ ತಿಳಿಯುವಂತೆ ಆ ಧಾರಾವಾಹಿ ಐಡಲ್‌ಗೂ ಅಭಿಮಾನಿಗೂ ಇರುವ ನಂಟಿನ ತೊಡಕನ್ನು ಹೇಳಿತ್ತು.

ಬದಲಾವಣೆ ಬಂದದ್ದು 2005ರ ನಂತರ. ಆ ವರ್ಷ ಎರಡು ಘಟನೆಗಳು ನಡೆದವು. ನಾಮ್ಕೊ ಕಂಪನಿ ‘ದಿ ಐಡಲ್‌ಮಾಸ್ಟರ್’ ಎಂಬ ಆರ್ಕೇಡ್ ಆಟ ಬಿಡುಗಡೆ ಮಾಡಿತು. ಅದರಲ್ಲಿ ಆಟಗಾರನೇ ನಿರ್ಮಾಪಕ, ಹುಡುಗಿಯರನ್ನು ತರಬೇತುಗೊಳಿಸಿ ಮೇಲೆ ತರುವುದೇ ಆಟ. ಡಿಸೆಂಬರಿನಲ್ಲಿ ಯಸುಶಿ ಅಕಿಮೊಟೊ ಟೋಕಿಯೊದ ಅಕಿಹಾಬಾರಾದಲ್ಲಿ 250 ಜನ ಹಿಡಿಸುವ ಸಣ್ಣ ರಂಗಮಂದಿರದಲ್ಲಿ ಎಕೆಬಿ48 ತಂಡವನ್ನು ಶುರುಮಾಡಿದರು. ‘ಭೇಟಿಯಾಗಬಹುದಾದ ಐಡಲ್’ ಎಂಬುದು ಅದರ ಘೋಷಣೆ. ಸಿ.ಡಿ. ಕೊಂಡವರಿಗೆ ಕೈಕುಲುಕುವ ಚೀಟಿ. 2009ರಿಂದ 2018ರವರೆಗೆ ವರ್ಷಕ್ಕೊಮ್ಮೆ ಸದಸ್ಯೆಯರ ಸ್ಥಾನ ನಿರ್ಧರಿಸುವ ಚುನಾವಣೆ, ಅದರ ಮತಚೀಟಿಯೂ ಸಿ.ಡಿ.ಯ ಜೊತೆಗೇ. ಒಬ್ಬನೇ ಅಭಿಮಾನಿ ನೂರಾರು ಸಿ.ಡಿ. ಕೊಳ್ಳುವುದು ಆಗ ಹೊಸದಲ್ಲ. ಹಾಡು ಕೇಳುವ ವಸ್ತುವಾಗಿದ್ದ ಸಿ.ಡಿ. ಒಬ್ಬ ಹುಡುಗಿಯ ಹತ್ತಿರ ಹೋಗುವ ಟಿಕೆಟ್ಟಾಯಿತು.

ಅನಿಮೆ ಉದ್ಯಮ ಇದನ್ನು ಬೇಗ ಕಲಿತಿತು. ಜಪಾನಿನ ಟಿ.ವಿ. ಅನಿಮೆಗಳಿಗೆ ಹಣ ಬರುವುದು ಸಾಮಾನ್ಯವಾಗಿ ‘ನಿರ್ಮಾಣ ಸಮಿತಿ’ಯಿಂದ. ಪ್ರಕಾಶನ ಸಂಸ್ಥೆ, ಸಂಗೀತ ಕಂಪನಿ, ಆಟಿಕೆ ಅಥವಾ ಗೇಮ್ ಕಂಪನಿ, ಟಿ.ವಿ. ವಾಹಿನಿ ಎಲ್ಲರೂ ಪಾಲು ಹಾಕುತ್ತಾರೆ. ನಷ್ಟವಾದರೆ ಹಂಚಿಕೊಳ್ಳುತ್ತಾರೆ, ಲಾಭ ಬಂದರೆ ತಮ್ಮ ತಮ್ಮ ಸರಕಿನ ಮೂಲಕ ಎತ್ತಿಕೊಳ್ಳುತ್ತಾರೆ. ಉಳಿದ ಕಥೆಗಳಲ್ಲಿ ಈ ಸರಕು ಕಥೆಯ ಆಚೆ ಇರುತ್ತದೆ. ಐಡಲ್ ಕಥೆಯಲ್ಲಿ ಪಾತ್ರವೇ ಸರಕು. ಪರದೆಯ ಮೇಲೆ ಹಾಡುವವಳ ಹಾಡಿನ ಸಿ.ಡಿ. ಅಂಗಡಿಯಲ್ಲಿರುತ್ತದೆ, ಅವಳಿಗೆ ದನಿ ಕೊಟ್ಟ ಕಲಾವಿದೆ ಅದೇ ಉಡುಪು ತೊಟ್ಟು, ಅದೇ ಹೆಜ್ಜೆ ಹಾಕಿ ನಿಜವಾದ ಸಭಾಂಗಣದಲ್ಲಿ ಕುಣಿಯುತ್ತಾಳೆ, ಆ ಕಾರ್ಯಕ್ರಮದ ಟಿಕೆಟ್ ಮೊದಲೇ ಪಡೆಯುವ ಅವಕಾಶ ಬ್ಲೂ-ರೇ ಡಿಸ್ಕಿನ ಪೆಟ್ಟಿಗೆಯಲ್ಲಿರುತ್ತದೆ. ಆ ಪಾತ್ರಕ್ಕೆ ಕಥೆಯಲ್ಲಿ ಅಳಿಸಲಾಗದ ಕಲೆ ಹತ್ತಿದರೆ ಈ ಇಡೀ ಸರಪಳಿಗೇ ಹತ್ತುತ್ತದೆ. ಅಂಥ ಪಾತ್ರವನ್ನು ಬರೆಯಲು ಕೂತವರ ಮುಂದೆ ಮೊದಲೇ ಹಲವು ಬಾಗಿಲುಗಳು ಮುಚ್ಚಿರುತ್ತವೆ.

‘ಲವ್ ಲೈವ್’ 2010ರಲ್ಲಿ ಶುರುವಾದದ್ದು ಒಂದು ಪತ್ರಿಕೆ, ಒಂದು ಸಂಗೀತ ಕಂಪನಿ ಮತ್ತು ಸನ್‌ರೈಸ್ ಸ್ಟುಡಿಯೊ ಮೂರೂ ಸೇರಿದ ಯೋಜನೆಯಾಗಿ. ಟಿ.ವಿ. ಧಾರಾವಾಹಿ ಬಂದದ್ದು 2013ರ ಜನವರಿಯಲ್ಲಿ. ಅಂದರೆ ಹಾಡುಗಳೂ ಪಾತ್ರಗಳೂ ಮೊದಲು, ಕಥೆ ಆಮೇಲೆ. ಟೋಕಿಯೊದ ಒಂದು ಹಳೆಯ ಬಾಲಕಿಯರ ಶಾಲೆಗೆ ಮಕ್ಕಳೇ ಬರುತ್ತಿಲ್ಲ, ಮುಚ್ಚುವ ಸ್ಥಿತಿ. ಅದನ್ನು ಉಳಿಸಲು ಹೊನೊಕಾ ಎಂಬ ವಿದ್ಯಾರ್ಥಿನಿ ‘ಶಾಲಾ ಐಡಲ್’ ತಂಡ ಕಟ್ಟುತ್ತಾಳೆ. ಮಕ್ಕಳ ಸಂಖ್ಯೆ ಇಳಿದು ಶಾಲೆಗಳು ಮುಚ್ಚುವುದು ಜಪಾನಿನ ನಿಜವಾದ ನೋವು, ಹಾಗಾಗಿ ಆರಂಭ ಗಟ್ಟಿಯಾಗಿದೆ. ಮೂರನೆಯ ಕಂತಿನಲ್ಲಿ ಪರದೆ ಸರಿದಾಗ ಎದುರಿಗೆ ಖಾಲಿ ಕುರ್ಚಿಗಳು. ಮೂವರು ಹುಡುಗಿಯರು ಅಳು ನುಂಗಿ ಹಾಡುತ್ತಾರೆ. ಈ ಬಗೆಯ ಅನಿಮೆಗಳಲ್ಲೇ ಮನಸ್ಸಿನಲ್ಲಿ ಉಳಿಯುವ ದೃಶ್ಯಗಳಲ್ಲಿ ಅದೊಂದು.

ಆದರೆ ‘ಶಾಲಾ ಐಡಲ್’ ಎಂಬ ಕಲ್ಪನೆಯೇ ಎಷ್ಟು ಜಾಣತನದ್ದು ನೋಡಬೇಕು. ಇಲ್ಲಿ ಏಜೆನ್ಸಿಯಿಲ್ಲ, ಕರಾರಿಲ್ಲ, ಸಂಬಳವಿಲ್ಲ, ಮ್ಯಾನೇಜರ್ ಇಲ್ಲ. ಬಟ್ಟೆ ಹೊಲಿಯುವವಳು ಒಬ್ಬಳು ಗೆಳತಿ, ಹಾಡು ಬರೆಯುವವಳು ಇನ್ನೊಬ್ಬಳು, ರಾಗ ಹಾಕುವವಳು ಮತ್ತೊಬ್ಬಳು. ಗಂಡಸರ ಮುಖವೂ ಹೆಚ್ಚು ಕಾಣುವುದಿಲ್ಲ. ರಂಗೋದ್ಯಮದಿಂದ ಉದ್ಯಮವನ್ನು ಪೂರ್ತಿ ತೆಗೆದು, ರಂಗವನ್ನಷ್ಟೇ ಉಳಿಸಿಕೊಂಡ ಲೋಕ ಅದು. ತೊಂದರೆಗಳು ಬರುವುದಾದರೆ ಒಳಗಿನಿಂದಲೇ ಬರಬೇಕು: ಒಬ್ಬಳಿಗೆ ಜ್ವರ, ಒಬ್ಬಳಿಗೆ ವಿದೇಶಕ್ಕೆ ಓದಲು ಹೋಗುವ ಅವಕಾಶ, ಹೇಳಬೇಕಾದ್ದನ್ನು ಹೇಳದೆ ಉಳಿದ ಮೌನ. ಇವೂ ಮನುಷ್ಯರ ತೊಂದರೆಗಳೇ. ಆದರೆ ಒಂದು ಮಾತು ಬಾಯಿಬಿಟ್ಟು ಆಡಿದ್ದರೆ ಬಗೆಹರಿಯುತ್ತಿದ್ದಂಥವು; ಅವುಗಳ ಮೇಲೆ ಇಡೀ ಧಾರಾವಾಹಿಯ ಪರಾಕಾಷ್ಠೆಯನ್ನು ನಿಲ್ಲಿಸಿದಾಗ ಅದು ಹೊರೆ ತಾಳದೆ ಬಾಗುತ್ತದೆ.

ಲೆಕ್ಕವನ್ನೂ ಗಮನಿಸಬೇಕು. ಒಂದು ಸರಣಿಗೆ ಹದಿಮೂರು ಕಂತು, ಒಂದೊಂದಕ್ಕೆ ಸುಮಾರು 24 ನಿಮಿಷ. ಆರಂಭ ಗೀತೆ, ಅಂತ್ಯ ಗೀತೆ ತಲಾ ಒಂದೂವರೆ ನಿಮಿಷ ತೆಗೆದರೆ ಉಳಿಯುವುದು 21. ಒಟ್ಟು ನಾಲ್ಕೂವರೆ ಗಂಟೆ. ಅದನ್ನು ಒಂಬತ್ತು ನಾಯಕಿಯರಿಗೆ ಹಂಚಿದರೆ ತಲೆಗೆ ಅರ್ಧ ಗಂಟೆ; ನಡುನಡುವಿನ ಹಾಡುಗಳನ್ನು ಕಳೆದರೆ ಇನ್ನೂ ಕಡಿಮೆ. ಯಾವ ಪಾತ್ರವನ್ನೂ ಬಿಡುವಂತಿಲ್ಲ, ಏಕೆಂದರೆ ಪ್ರತಿಯೊಬ್ಬಳಿಗೂ ಅವಳದೇ ಅಭಿಮಾನಿಗಳಿದ್ದಾರೆ, ಅವಳದೇ ಬಣ್ಣದ ಬೆಳಕಿನ ಕಡ್ಡಿ ಇದೆ. ಆದ್ದರಿಂದ ಒಬ್ಬಳಿಗೆ ಒಂದು ಗುಣ, ಒಂದು ಕೊರಗು, ಒಂದು ಕಂತು. ನಾಚಿಕೆಯವಳು ನಾಚಿಕೆ ಬಿಡುತ್ತಾಳೆ, ಜಂಬದವಳು ಕರಗುತ್ತಾಳೆ, ಮುಂದಿನ ವಾರ ಬೇರೊಬ್ಬಳ ಸರದಿ. ಹೋದ ವಾರದ ಕೊರಗು ಈ ವಾರ ಯಾರಿಗೂ ನೆನಪಿರುವುದಿಲ್ಲ. ಬದುಕಿನಲ್ಲಿ ಹಾಗಾಗುವುದಿಲ್ಲ ಎಂಬುದು ಬರೆದವರಿಗೂ ಗೊತ್ತು, ನೋಡುವವರಿಗೂ ಗೊತ್ತು.

ಕೊಳ್ಳುವವರ ಹಿಡಿತ ಎಷ್ಟು ಬಿಗಿಯೆಂಬುದಕ್ಕೆ ‘ಐಡಲ್‌ಮಾಸ್ಟರ್’ ಆಟದ ಚರಿತ್ರೆಯಲ್ಲೇ ಉದಾಹರಣೆಯಿದೆ. 2010ರ ಸೆಪ್ಟೆಂಬರ್ 18ರಂದು ಟೋಕಿಯೊ ಗೇಮ್ ಷೋದಲ್ಲಿ ಆಟದ ಎರಡನೆಯ ಭಾಗವನ್ನು ಪರಿಚಯಿಸಿದಾಗ, ಹುಡುಗರದೊಂದು ಎದುರಾಳಿ ತಂಡವೂ ಇರುತ್ತದೆಂದು ಪ್ರಕಟವಾಯಿತು. ಹುಡುಗಿಯರ ಹತ್ತಿರ ಹುಡುಗರು ಸುಳಿಯುತ್ತಾರೆಂಬುದಷ್ಟೇ ಸಾಕಾಯಿತು. ಅಭಿಮಾನಿಗಳು ಸಿಡಿದೆದ್ದರು, ಆ ದಿನಾಂಕವೇ ಒಂದು ಕಹಿ ಹೆಸರಾಗಿ ಉಳಿಯಿತು. ಕಥೆಯಲ್ಲಿ ಪ್ರೇಮ ಬಂದಿರಲಿಲ್ಲ, ಬರುವ ಸೂಚನೆಯೂ ಸ್ಪಷ್ಟವಾಗಿರಲಿಲ್ಲ. ಅಷ್ಟಕ್ಕೇ ಈ ಗತಿಯಾದರೆ ಚಿತ್ರಕಥೆ ಬರೆಯುವವರು ಯಾವ ಧೈರ್ಯದ ಮೇಲೆ ಮುಂದಡಿಯಿಡಬೇಕು?

ಅದರ ಮುಂದಿನ ವರ್ಷ ಬಂದ ಅನಿಮೆ ಧಾರಾವಾಹಿಯಲ್ಲಿ, ನಿರ್ದೇಶಕ ಅತ್ಸುಶಿ ನಿಶಿಗೋರಿ ಈ ಇಕ್ಕಟ್ಟಿನೊಳಗೇ ಒಳ್ಳೆಯ ಕೆಲಸ ಮಾಡಿದರು ಎನ್ನಬೇಕು. ಸಣ್ಣ ಏಜೆನ್ಸಿಯ ಕಚೇರಿಯಲ್ಲೊಂದು ಬಿಳಿ ಹಲಗೆ. ಆರಂಭದ ಕಂತುಗಳಲ್ಲಿ ಅದರ ತುಂಬ ಖಾಲಿ ಜಾಗ. ಕೆಲಸ ಸಿಗುತ್ತ ಹೋದಂತೆ ಬರಹ ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಕೊನೆಗೆ ಹುಡುಗಿಯರು ಎಲ್ಲರೂ ಒಟ್ಟಿಗೆ ಅಭ್ಯಾಸಕ್ಕೆ ಸೇರಲೂ ಬಿಡುವಿಲ್ಲದಂತಾಗುತ್ತದೆ, ಗೆದ್ದದ್ದೇ ಅವರನ್ನು ಚದುರಿಸುತ್ತದೆ. ಹರುಕಾ ಎಂಬವಳಿಗೆ ಇದು ತಡೆಯಲಾರದ ಸಂಕಟ. ರಂಗದ ಯಶಸ್ಸಿನಲ್ಲೇ ಅಡಗಿರುವ ನಷ್ಟವನ್ನು ಇಷ್ಟು ಸರಳವಾದ ವಸ್ತುವಿನಿಂದ ಹೇಳಿದ್ದು ಕಲೆಗಾರಿಕೆ. ಅದೇ ಧಾರಾವಾಹಿ ಉದ್ಯಮದ ಕೆಡುಕನ್ನು ತೋರಿಸಬೇಕಾದಾಗ ಮಾತ್ರ ಹಿಂಜರಿಯುತ್ತದೆ. ಪತ್ರಿಕೆಗೆ ಗುಟ್ಟು ಮುಟ್ಟಿಸುವುದು, ಕೆಲಸ ತಪ್ಪಿಸುವುದು, ಗಾಯಕಿ ಚಿಹಯಾಳ ಸತ್ತ ತಮ್ಮನ ವಿಷಯ ಎತ್ತಿ ಅವಳ ದನಿಯೇ ಕಟ್ಟುವಂತೆ ಮಾಡುವುದು, ಎಲ್ಲವೂ ಎದುರಾಳಿ ಏಜೆನ್ಸಿಯ ಯಜಮಾನ ಕುರೊಯಿ ಒಬ್ಬನ ಕೆಲಸ. ನಾಯಕಿಯರ ಏಜೆನ್ಸಿಯಲ್ಲಿ ಎಲ್ಲರೂ ಅಣ್ಣ ಅಕ್ಕಂದಿರಂತೆ. ಕೆಡುಕು ಒಬ್ಬ ಕೆಟ್ಟವನ ಸ್ವಭಾವವಾದಾಗ ಅದು ವ್ಯವಸ್ಥೆಯ ಗುಣವಾಗಿ ಉಳಿಯುವುದಿಲ್ಲ. ಅವನು ಸೋತ ಕೂಡಲೇ ಎಲ್ಲ ಸರಿಹೋದಂತೆ ಕಾಣುತ್ತದೆ. ಈ ಉಪಾಯ ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಹೀಗೆ ಬಿಟ್ಟುಹೋದದ್ದು ಏನೆಂದು ತಿಳಿಯಲು ಹೊರಗಿನ ನಿಜವನ್ನು ನೋಡಿದರೆ ಸಾಕು. 2013ರ ಜನವರಿ ಕೊನೆಯಲ್ಲಿ ಎಕೆಬಿ48ರ ಒಬ್ಬ ಸದಸ್ಯೆ ಗೆಳೆಯನ ಮನೆಯಿಂದ ಹೊರಬಂದ ಚಿತ್ರ ವಾರಪತ್ರಿಕೆಯೊಂದರಲ್ಲಿ ಅಚ್ಚಾದಾಗ, ಆಕೆ ತಲೆ ಬೋಳಿಸಿಕೊಂಡು, ಅಳುತ್ತ ಕ್ಷಮೆ ಕೇಳಿದ ವಿಡಿಯೊವನ್ನು ಲೋಕವೆಲ್ಲ ನೋಡಿತು. ‘ಲವ್ ಲೈವ್’ ಮೊದಲ ಸರಣಿ ಪ್ರಸಾರವಾಗುತ್ತಿದ್ದ ತಿಂಗಳೇ ಅದು. ಮರುವರ್ಷ ಮೇ ತಿಂಗಳಲ್ಲಿ ಇವಾತೆ ಪ್ರಾಂತದಲ್ಲಿ ಅದೇ ತಂಡದ ಕೈಕುಲುಕುವ ಕಾರ್ಯಕ್ರಮಕ್ಕೆ ಬಂದವನೊಬ್ಬ ಗರಗಸ ಬೀಸಿ ಇಬ್ಬರು ಸದಸ್ಯೆಯರನ್ನು ಗಾಯಗೊಳಿಸಿದ. 2015ರ ಸೆಪ್ಟೆಂಬರಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ, ಪ್ರೇಮ ನಿಷೇಧದ ಕರಾರು ಮುರಿದಳೆಂದು ಹದಿನೇಳರ ಹುಡುಗಿಯೊಬ್ಬಳು ಏಜೆನ್ಸಿಗೆ 6,50,000 ಯೆನ್ ಕೊಡಬೇಕೆಂದಿತು. ಕೆಲವೇ ತಿಂಗಳ ನಂತರ, 2016ರ ಜನವರಿಯಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ ಏಜೆನ್ಸಿಯ ಬೇಡಿಕೆಯನ್ನು ತಳ್ಳಿಹಾಕಿತು. ಪ್ರೀತಿಸುವುದು ಮನುಷ್ಯರ ಹಕ್ಕು, ಅದಕ್ಕಾಗಿ ದಂಡ ಕೇಳುವುದು ಅತಿಯಾಯಿತು ಎಂಬುದು ಆ ತೀರ್ಪಿನ ತಿರುಳು. ಒಂದೇ ನ್ಯಾಯಾಲಯದ ಎರಡು ತೀರ್ಪುಗಳ ನಡುವೆ ನಿಂತ ಹುಡುಗಿಯ ಕಥೆ ಎಂಥದಾಗಬಹುದಿತ್ತು! ಇಂಥ ಕಥೆಯನ್ನು ನಿರ್ಮಾಣ ಸಮಿತಿಯ ಐಡಲ್ ಧಾರಾವಾಹಿಗಳು ಮುಟ್ಟಲಿಲ್ಲ.

ಮುಟ್ಟಿದವರು ಬಹಳ ಮೊದಲೇ ಇದ್ದರು. 1997ರಲ್ಲಿ ಮುಗಿದ ‘ಪರ್ಫೆಕ್ಟ್ ಬ್ಲೂ’ ಸಾತೋಶಿ ಕೋನ್ ನಿರ್ದೇಶಿಸಿದ ಮೊದಲ ಚಿತ್ರ, ಒಂದು ಗಂಟೆ ಇಪ್ಪತ್ತು ನಿಮಿಷದ್ದು. ಹೆಸರು ಅಷ್ಟಾಗಿ ಮಾಡದ ಮೂವರ ತಂಡದಿಂದ ಮಿಮಾ ಹೊರಬಂದು ನಟಿಯಾಗಲು ಹೊರಡುತ್ತಾಳೆ. ಚಿತ್ರ ತೆರೆದುಕೊಳ್ಳುವುದೇ ಬಯಲು ವೇದಿಕೆಯೊಂದರಲ್ಲಿ, ಮಕ್ಕಳಿಗಾಗಿ ನಡೆಯುವ ವೇಷಧಾರಿ ವೀರರ ಆಟದ ಬೆನ್ನಿಗೆ ಈ ಹುಡುಗಿಯರ ಹಾಡು. ಅವರ ಸ್ಥಾನ ಎಷ್ಟು ಕೆಳಗಿದೆಯೆಂದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಜನರ ನಡುವೆ ನಿಂತ ಒಬ್ಬ ಅಭಿಮಾನಿ ತನ್ನ ಅಂಗೈಯನ್ನು ಮುಂದೆ ಚಾಚುತ್ತಾನೆ. ಅವನ ಕಣ್ಣಿನಿಂದ ನೋಡಿದರೆ ಮಿಮಾ ಆ ಅಂಗೈಯ ಮೇಲೆ ಕುಣಿಯುತ್ತಿರುವಂತೆ ಕಾಣುತ್ತಾಳೆ. ಅಭಿಮಾನದಲ್ಲಿರುವ ಒಡೆತನದ ಆಸೆಯನ್ನು ತೋರಿಸಲು ಇದಕ್ಕಿಂತ ತೀಕ್ಷ್ಣವಾದ ಚಿತ್ರ ಈ ಇಡೀ ಪ್ರಕಾರದಲ್ಲಿಲ್ಲ.

ಮಿಮಾ ನಟಿಸುವ ಟಿ.ವಿ. ಧಾರಾವಾಹಿಯಲ್ಲಿ ಅತ್ಯಾಚಾರದ ದೃಶ್ಯವೊಂದು ಬರುತ್ತದೆ. ಕೋನ್ ಅದನ್ನು ಚಿತ್ರೀಕರಣವಾಗಿಯೇ ತೋರಿಸುತ್ತಾರೆ: ನಡುವೆ ‘ಕಟ್’ ಎನ್ನುತ್ತಾರೆ, ಎಲ್ಲರೂ ನಿಂತ ಭಂಗಿಯಲ್ಲೇ ಕಾಯುತ್ತಾರೆ, ಎದುರಿನ ನಟ ಮೆಲ್ಲಗೆ ಅವಳಲ್ಲಿ ಕ್ಷಮೆ ಕೇಳುತ್ತಾನೆ, ಮತ್ತೆ ಶುರುವಾಗುತ್ತದೆ. ಅಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರೂ ತಮ್ಮ ಕೆಲಸ ಮಾಡುತ್ತಿದ್ದಾರೆ, ಎಲ್ಲರೂ ಸಭ್ಯರು. ಆದರೂ ಒಬ್ಬ ಹುಡುಗಿ ಒಳಗೆ ಮುರಿಯುತ್ತಿದ್ದಾಳೆ. ತಾನೇ ಒಪ್ಪಿದ್ದೆ ಎಂಬುದರಿಂದಲೇ ಅವಳಿಗೆ ದೂರುವ ದಾರಿಯೂ ಉಳಿದಿಲ್ಲ. ಮನೆಗೆ ಬಂದು ತೊಟ್ಟಿಯಲ್ಲಿ ತೇಲುತ್ತಿರುವ ಸತ್ತ ಮೀನುಗಳನ್ನು ಕಂಡಾಗ ಮಾತ್ರ ಅಳು ಬರುತ್ತದೆ. ಅತ್ತ ಅವಳು ಬಿಟ್ಟುಬಂದ ತಂಡ ಅವಳಿಲ್ಲದೆಯೇ ಮೇಲೇರುತ್ತದೆ. ಅವಳ ಹೆಸರಿನಲ್ಲಿ ಬೇರಾರೋ ಬರೆಯುವ ಅಂತರ್ಜಾಲದ ದಿನಚರಿ ಅವಳಿಗಿಂತ ಹೆಚ್ಚು ‘ಮಿಮಾ’ ಆಗಿಬಿಡುತ್ತದೆ. ಮನೆಮನೆಗೆ ಇನ್ನೂ ಅಂತರ್ಜಾಲ ಬಾರದಿದ್ದ ಹೊತ್ತಿನಲ್ಲಿ ಬಂದ ಚಿತ್ರ ಇದು.

ಯೊಶಿಕಾಜು ತಾಕೆಉಚಿ ಅವರ ಕಾದಂಬರಿಯನ್ನು ಆಧರಿಸಿದ್ದರೂ, ಐಡಲ್, ಹಿಂಬಾಲಿಸುವ ಅಭಿಮಾನಿ, ಭಯಾನಕ ಎಂಬ ಮೂರನ್ನು ಇಟ್ಟುಕೊಂಡು ಉಳಿದದ್ದನ್ನು ತಮಗೆ ತೋಚಿದಂತೆ ಮರುರಚಿಸುವ ಸ್ವಾತಂತ್ರ್ಯ ಕೋನ್‌ಗೆ ಸಿಕ್ಕಿತ್ತು. ಮಿಮಾಳ ಹೆಸರಿನಲ್ಲಿ ನಡೆಸಬೇಕಾದ ಸಂಗೀತ ಪ್ರವಾಸವಿರಲಿಲ್ಲ, ಮುಂದಿನ ವರ್ಷವೂ ಮಾರಬೇಕಾದ ಗೊಂಬೆಯಿರಲಿಲ್ಲ. ಚಿತ್ರ ಮುಗಿದಲ್ಲಿ ಅವಳೂ ಮುಗಿಯಬಹುದಿತ್ತು. ಆ ಬಿಡುಗಡೆಯೇ ಕಥೆಗೆ ಆಳ ಕೊಟ್ಟಿತು.

ಇಪ್ಪತ್ತಾರು ವರ್ಷಗಳ ಬಳಿಕ ‘ಒಶಿ ನೊ ಕೊ’ ಅನಿಮೆ ಬಂತು. ಅಕಾ ಅಕಾಸಾಕಾ ಬರೆದು ಮೆಂಗೊ ಯೊಕೊಯಾರಿ ಚಿತ್ರಿಸಿದ ಅದರ ಮೂಲ ಮಾಂಗಾ, ಅಂದರೆ ಕಾಮಿಕ್ಸ್, 2020ರಿಂದ 2024ರವರೆಗೆ ಪ್ರಕಟವಾಯಿತು. ಅನಿಮೆ ಶುರುವಾದದ್ದು 2023ರ ಏಪ್ರಿಲಿನಲ್ಲಿ, ಚಲನಚಿತ್ರದಷ್ಟು ಉದ್ದದ ಮೊದಲ ಕಂತಿನೊಂದಿಗೆ. ‘ಐ’ ಎಂಬ ಹದಿನಾರರ ಐಡಲ್ ಗುಟ್ಟಾಗಿ ಅವಳಿ ಮಕ್ಕಳ ತಾಯಾಗುತ್ತಾಳೆ. ತಂಡದ ದೊಡ್ಡ ಕಾರ್ಯಕ್ರಮದ ದಿನವೇ ಮನೆಬಾಗಿಲಲ್ಲಿ ಅಭಿಮಾನಿಯೊಬ್ಬ ಅವಳನ್ನು ಇರಿದು ಕೊಲ್ಲುತ್ತಾನೆ. ಉಳಿದ ಧಾರಾವಾಹಿಗಳು ಹೇಳದೆ ಬಿಟ್ಟದ್ದನ್ನೆಲ್ಲ ಒಂದೇ ಕಂತಿನಲ್ಲಿ ಹೇಳಿದಂತಿತ್ತು. ಯೊಆಸೊಬಿ ಹಾಡಿದ ಆರಂಭ ಗೀತೆ ಅದೇ ವರ್ಷ ಅಮೆರಿಕದಾಚೆಯ ಜಾಗತಿಕ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅದರ ನಿಜವಾದ ಬಲ ಕಾಣುವುದು ಕೊಲೆಯಲ್ಲಲ್ಲ, ಕೆಲಸದ ವಿವರಗಳಲ್ಲಿ. ರಿಯಾಲಿಟಿ ಷೋ ಭಾಗದಲ್ಲಿ ಅಕಾನೆ ಎಂಬ ಶ್ರದ್ಧೆಯ ನಟಿ, ತನಗೆ ಸಾಕಷ್ಟು ತೆರೆಯ ಸಮಯ ಸಿಗುತ್ತಿಲ್ಲವೆಂಬ ಆತಂಕದಲ್ಲಿ, ಜೊತೆಯವಳ ಕೆನ್ನೆಗೆ ಅಕಸ್ಮಾತ್ತಾಗಿ ಉಗುರು ತಾಗಿಸುತ್ತಾಳೆ. ಇಬ್ಬರೂ ಅಲ್ಲೇ ರಾಜಿಯಾಗುತ್ತಾರೆ, ಆದರೆ ಆ ರಾಜಿ ಸಂಕಲನದಲ್ಲಿ ಹೋಗುತ್ತದೆ. ಅಂತರ್ಜಾಲದ ಬೈಗುಳ ಅವಳನ್ನು ಸಾವಿನ ಅಂಚಿಗೆ ತಳ್ಳುತ್ತದೆ. 2020ರ ಮೇ ತಿಂಗಳಲ್ಲಿ ‘ಟೆರೇಸ್ ಹೌಸ್’ ಕಾರ್ಯಕ್ರಮದ ಹನಾ ಕಿಮುರಾ ಇಂಥದೇ ದಾಳಿಯ ನಂತರ ತೀರಿಕೊಂಡಿದ್ದರು. ಅವಮಾನದ ಅಪರಾಧಕ್ಕೆ ಶಿಕ್ಷೆ ಹೆಚ್ಚಿಸಿ 2022ರಲ್ಲಿ ಜಪಾನ್ ತನ್ನ ದಂಡಸಂಹಿತೆಯನ್ನು ತಿದ್ದಿದ್ದರ ಹಿಂದೆ ಆ ಸಾವಿತ್ತು. ಅನಿಮೆಯ ಆ ಭಾಗ ಪ್ರಸಾರವಾದಾಗ ಕಿಮುರಾ ಅವರ ತಾಯಿ ಬಹಿರಂಗವಾಗಿ ನೋವು ತೋಡಿಕೊಂಡರು. ಕಥೆ ಚೆನ್ನಾಗಿದೆ ಎಂಬುದು ಆ ತಾಯಿಯ ಮಾತಿಗೆ ಉತ್ತರವಾಗುವುದಿಲ್ಲ. ನಿಜವಾದ ನೋವಿನ ಹತ್ತಿರ ಹೋಗುವ ಕಥೆ ಆ ನೋವಿನವರ ಮುಂದೆಯೂ ನಿಲ್ಲಬೇಕಾಗುತ್ತದೆ.

ಎರಡನೆಯ ಸರಣಿಯಲ್ಲಿ ಮಾಂಗಾ ಒಂದನ್ನು ರಂಗಕ್ಕೆ ತರುವ ಭಾಗ ಇನ್ನೂ ಮಾಗಿದೆ. ಮೂಲ ಲೇಖಕಿ ನಾಟಕದ ಪಠ್ಯ ಓದಿ ಕೆಂಡವಾಗುತ್ತಾಳೆ. ನಾಟಕಕಾರ ತಾನು ಪಡೆದ ಸೂಚನೆಯಂತೆಯೇ ಬರೆದಿದ್ದಾನೆ. ಅವಳ ಮಾತು ಸಂಪಾದಕ, ನಿರ್ಮಾಪಕ ಎಂದು ಒಬ್ಬರ ಬಾಯಿಂದ ಒಬ್ಬರಿಗೆ ಸಾಗುವಾಗ ಅರ್ಥವೇ ಬದಲಾಗಿರುತ್ತದೆ. ಯಾರೂ ದುಷ್ಟರಲ್ಲ, ಎಲ್ಲರಿಗೂ ಗಾಯ. ಕೋನ್ ಅವರ ಚಿತ್ರೀಕರಣದ ದೃಶ್ಯದಲ್ಲಿ ಇದ್ದ ಅದೇ ತಿಳಿವಳಿಕೆ ಇಲ್ಲೂ ಇದೆ.

ಹಾಗಿದ್ದೂ ‘ಒಶಿ ನೊ ಕೊ’ ಕೊನೆಗೆ ಹಳೆಯ ದಾರಿಗೇ ಬಂದದ್ದು ಬೇಸರದ ಸಂಗತಿ. ತಾಯಿಯ ಕೊಲೆಯ ಹಿಂದಿದ್ದವನನ್ನು ಮಗ ಹುಡುಕುವ ಸೇಡಿನ ಎಳೆ ಬೆಳೆಯುತ್ತ ಹೋದಂತೆ ರಂಗದ ಲೋಕ ಹಿನ್ನೆಲೆಯ ಪರದೆಯಾಯಿತು. ಏಜೆನ್ಸಿ, ವಾಹಿನಿ, ಅಭಿಮಾನಿ ಎಲ್ಲರೂ ಪಾಲುದಾರರಾಗಿದ್ದ ಕೆಡುಕು ಕಮಿಕಿ ಎಂಬ ಒಬ್ಬನ ವಿಕಾರ ಮನಸ್ಸಿನೊಳಗೆ ಹೋಗಿ ಸೇರಿತು. ಅವನನ್ನು ಮುಗಿಸಲು ನಾಯಕ ಅಕ್ವಾ ತನ್ನ ಪ್ರಾಣವನ್ನೇ ಕೊಟ್ಟ. ರಕ್ತ ಹರಿದ ಮಾತ್ರಕ್ಕೆ ಕಥೆ ಆಳವಾಗುವುದಿಲ್ಲ. ‘ಐಡಲ್‌ಮಾಸ್ಟರ್’ನ ಕುರೊಯಿಗೂ ಈ ಕಮಿಕಿಗೂ ಬಣ್ಣದಲ್ಲಿ ವ್ಯತ್ಯಾಸವಿದೆ, ಕಥೆಯಲ್ಲಿ ಇಬ್ಬರೂ ಮಾಡುವ ಕೆಲಸ ಒಂದೇ.

ಸರಕಿನ ಕಟ್ಟಿನೊಳಗಿದ್ದೂ ದಾರಿ ಹುಡುಕಿದ ಪ್ರಯತ್ನಗಳಿಲ್ಲವೆಂದಲ್ಲ. 2014ರ ‘ವೇಕ್ ಅಪ್, ಗರ್ಲ್ಸ್’ ಸುನಾಮಿಯಿಂದ ಚೇತರಿಸಿಕೊಳ್ಳುತ್ತಿದ್ದ ಸೆಂದಾಯಿ ಊರಿನ ತಂಡದ ಕಥೆ. ಚಿತ್ರಣ ಒರಟಾಗಿದ್ದರೂ, ಈಜುಡುಗೆ ತೊಟ್ಟು ಗಿರಾಕಿಗಳ ಮುಂದೆ ನಿಲ್ಲಬೇಕಾದ ಹುಡುಗಿಯರ ಮುಜುಗರವನ್ನು ಮುಚ್ಚಿಡಲಿಲ್ಲ. ‘ಲವ್ ಲೈವ್’ನ ಎರಡನೆಯ ಪೀಳಿಗೆ ‘ಸನ್‌ಶೈನ್’ನಲ್ಲಿ ನುಮಾಜುವಿನ ಶಾಲೆಗೆ ಬೇಕಿದ್ದದ್ದು ನೂರು ಅರ್ಜಿಗಳು, ಬಂದದ್ದು 98. ಶಾಲೆ ಮುಚ್ಚುತ್ತದೆ. ಎಷ್ಟು ಹಾಡಿದರೂ ಆಗದ ಕೆಲಸವೊಂದಿದೆಯೆಂದು ಆ ಎರಡು ಅರ್ಜಿಗಳ ಕೊರತೆ ಹೇಳಿತು.

ಆದರೆ ರಂಗದ ದುಡಿಮೆಯನ್ನು ನಿಜವಾಗಿ ಕಂಡ ಅನಿಮೆಗಳು ಐಡಲ್ ಪಂಗಡದ ಹೊರಗೇ ಹೆಚ್ಚು. 2014ರ ‘ಶಿರೊಬಾಕೊ’ ಅನಿಮೆ ಸ್ಟುಡಿಯೊ ಒಂದರ ಕಥೆ. ಅದರ ಐವರು ಗೆಳತಿಯರಲ್ಲಿ ಶಿಜುಕಾ ಕಂಠದಾನ ಕಲಾವಿದೆ. ಉಳಿದವರು ಒಂದೊಂದು ಮೆಟ್ಟಿಲು ಹತ್ತುತ್ತಿದ್ದರೆ ಅವಳು ಹೋಟೆಲಿನಲ್ಲಿ ದುಡಿಯುತ್ತ, ಪರೀಕ್ಷೆಗಳಲ್ಲಿ ಸೋಲುತ್ತ, ಟಿ.ವಿ.ಯಲ್ಲಿ ತನಗಿಂತ ಕಿರಿಯರನ್ನು ನೋಡುತ್ತ ಕೂರುತ್ತಾಳೆ. ಇಪ್ಪತ್ತಮೂರನೆಯ ಕಂತಿನಲ್ಲಿ, ಮುಗಿಯಲು ಒಂದೇ ಕಂತು ಉಳಿದಿರುವಾಗ, ಅವಳಿಗೊಂದು ಸಣ್ಣ ಪಾತ್ರ ಸಿಗುತ್ತದೆ. ಅವಳು ನಾಲ್ಕು ಮಾತು ಆಡುತ್ತಾಳೆ. ಕೋಣೆಯ ಈಚೆ ನಿಂತ ಗೆಳತಿ ಆಒಯಿ ಸದ್ದಿಲ್ಲದೆ ಅಳುತ್ತಾಳೆ. ಸಭಾಂಗಣವಿಲ್ಲ, ಬೆಳಕಿಲ್ಲ. ಇಪ್ಪತ್ತೆರಡು ವಾರಗಳ ಕಾಯುವಿಕೆಯನ್ನು ನೋಡುಗರೂ ಕಾದಿದ್ದರಿಂದ ಆ ನಾಲ್ಕು ಮಾತಿಗೆ ತೂಕ ಬಂತು.

ವೇದಿಕೆಯ ಈಚೆ ಬದಿ ನಿಂತು ನೋಡಿದ ಕಥೆಯೂ ಒಂದಿದೆ. ಔರಿ ಹಿರಾಒ ಅವರ ಮಾಂಗಾವನ್ನು ಆಧರಿಸಿ 2020ರಲ್ಲಿ ಬಂದ ಧಾರಾವಾಹಿ, ಒಕಾಯಾಮಾ ಊರಿನ ಪುಟ್ಟ ತಂಡವೊಂದರ ಅಭಿಮಾನಿ ಎರಿಪಿಯೊಳದು. ಅವಳು ಬ್ರೆಡ್ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಬಂದದ್ದನ್ನೆಲ್ಲ ಸಿ.ಡಿ.ಗಳಿಗೆ ಸುರಿಯುತ್ತಾಳೆ, ತೊಡಲು ಬೇರೆ ಬಟ್ಟೆಯಿಲ್ಲದೆ ಶಾಲಾ ದಿನಗಳ ಕೆಂಪು ಆಟದುಡುಗೆಯಲ್ಲೇ ಓಡಾಡುತ್ತಾಳೆ. ಅವಳ ಮೆಚ್ಚಿನ ಮೈನಾ ತಂಡದಲ್ಲಿ ಎಲ್ಲರಿಗಿಂತ ಹಿಂದಿನ ಸಾಲಿನವಳು, ನಾಚಿಕೆಯವಳು, ಅವಳ ಸರದಿಯ ಮುಂದೆ ಹಲವು ಸಲ ಎರಿಪಿಯೊ ಒಬ್ಬಳೇ. ಇಬ್ಬರಿಗೂ ಒಬ್ಬರಿಗೊಬ್ಬರು ಹೇಳಬೇಕಾದ್ದು ಬೇಕಾದಷ್ಟಿದೆ. ಕೈಕುಲುಕುವ ಮೇಜಿನ ಪಕ್ಕದಲ್ಲಿ ಸಿಬ್ಬಂದಿಯೊಬ್ಬ ನಿಂತಿರುತ್ತಾನೆ, ಕೊಂಡ ಸಿ.ಡಿ.ಗಳಿಗೆ ಸಲ್ಲಬೇಕಾದ ಸೆಕೆಂಡುಗಳು ಮುಗಿದ ಕೂಡಲೇ ಅವನು ಅವಳ ಹೆಗಲು ಹಿಡಿದು ಪಕ್ಕಕ್ಕೆ ಸರಿಸುತ್ತಾನೆ.